ಎರಡನೇ ಕಾರ್ಟ್ರಿಡ್ಜ್ ಯಾರು ಕೊಳ್ಳುತ್ತಾರೆ? ಹೊಸ ನೀರು ಶುದ್ಧೀಕರಣ ತಂತ್ರಜ್ಞಾನವನ್ನು ಬೆಳೆಯುತ್ತಿರುವ ದೇಶಗಳ ಮಾರುಕಟ್ಟೆಗೆ ತರುವ ಸಮಗ್ರ ಮಾರ್ಗದರ್ಶಿ

ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಜೊತೆ ಸೇರಿ ಒಂದು ಪುಡಿಯನ್ನು ಸಿದ್ಧಪಡಿಸಿತು. 4 ಗ್ರಾಂ ತೂಕದ ಪುಟ್ಟ ಸ್ಯಾಶೆ. ಅದನ್ನು 10 ಲೀಟರ್ ರಾಡಿ ನೀರಿಗೆ ಸುರಿದು ಐದು ನಿಮಿಷ ಕಲಕಿದರೆ ಮಣ್ಣೆಲ್ಲ ಗಂಟುಗಟ್ಟಿ ತಳಕ್ಕಿಳಿಯುತ್ತದೆ. ಬಟ್ಟೆಯಲ್ಲಿ ಸೋಸಿ ಇಪ್ಪತ್ತು ನಿಮಿಷ ಬಿಟ್ಟರೆ ಕ್ಲೋರಿನ್ ತನ್ನ ಕೆಲಸ ಮುಗಿಸಿರುತ್ತದೆ. ಕಣ್ಣೆದುರೇ ಕೆಸರು ನೀರು ತಿಳಿಯಾಗುವುದನ್ನು ಕಂಡವರು ಬೆರಗಾಗುತ್ತಿದ್ದರು. ವಿಜ್ಞಾನದಲ್ಲಿ ಕುಂದಿರಲಿಲ್ಲ, ಕಂಪನಿಗೆ ಹಣದ ಕೊರತೆಯಿರಲಿಲ್ಲ, ಸೋಪು ಶಾಂಪೂ ಮಾರಿ ಪಳಗಿದ ವಿತರಣಾ ಜಾಲವೂ ಇತ್ತು. ಆದರೂ ಅದು ವ್ಯಾಪಾರವಾಗಿ ನಿಲ್ಲಲಿಲ್ಲ. ಗ್ವಾಟೆಮಾಲಾದ ಹಳ್ಳಿಗಳಲ್ಲಿ ಪ್ರಚಾರ ಮುಗಿದು ಕೆಲವು ತಿಂಗಳಾದ ಮೇಲೆ ಹೋಗಿ ನೋಡಿದಾಗ, ಮತ್ತೆ ಮತ್ತೆ ಕೊಂಡು ಬಳಸುತ್ತಿದ್ದ ಮನೆಗಳು ನೂರಕ್ಕೆ ಐದರ ಆಸುಪಾಸಿನಲ್ಲಿದ್ದವು. 2004ರ ಹೊತ್ತಿಗೆ ಕಂಪನಿ ಲಾಭದ ಆಸೆ ಬಿಟ್ಟು, ಅದೇ ಸ್ಯಾಶೆಯನ್ನು ಸೇವಾ ಕಾರ್ಯಕ್ರಮವಾಗಿ ಹಂಚತೊಡಗಿತು. ಪ್ರವಾಹ, ಭೂಕಂಪ, ಕಾಲರಾ ಬಂದಲ್ಲೆಲ್ಲ ಅದು ಇಂದಿಗೂ ಜೀವ ಉಳಿಸುತ್ತಿದೆ.

ಪ್ರಯೋಗಾಲಯದಲ್ಲಿ ಗೆದ್ದ ತಂತ್ರಜ್ಞಾನ ಕೈಯಲ್ಲಿ ಹಿಡಿದು ಮುಂದೇನು ಎಂದು ಯೋಚಿಸುತ್ತಿರುವ ಎಲ್ಲರಿಗೂ ನಾನು ಮೊದಲು ಹೇಳುವ ಕತೆ ಇದು. ಮೊದಲ ಮಾರಾಟ ಕಷ್ಟವಲ್ಲ. ಕುತೂಹಲಕ್ಕೆ, ಒತ್ತಾಯಕ್ಕೆ, ಸಬ್ಸಿಡಿಗೆ ಜನ ಒಮ್ಮೆ ಕೊಳ್ಳುತ್ತಾರೆ. ಅದೇ ಮನೆಯವರು ಯಾರೂ ಹೇಳದೆ, ತಮ್ಮದೇ ದುಡ್ಡಿನಲ್ಲಿ ಎರಡನೇ ಕಾರ್ಟ್ರಿಡ್ಜ್ (ಅವಧಿ ಮುಗಿದ ಮೇಲೆ ಬದಲಿಸುವ ಫಿಲ್ಟರಿನ ಒಳಭಾಗ) ಕೊಂಡ ದಿನ ನಿಮ್ಮ ವ್ಯಾಪಾರ ಶುರುವಾಗುತ್ತದೆ. ಮುಂದಿನ ಹೆಜ್ಜೆಗಳನ್ನೆಲ್ಲ ಆ ಒಂದು ದಿನವನ್ನು ಕಣ್ಣ ಮುಂದಿಟ್ಟುಕೊಂಡೇ ಬರೆದಿದ್ದೇನೆ.

ಹೆಜ್ಜೆ 1: ಮೊದಲು ನೀರನ್ನು ಓದಿ

"ನಮ್ಮ ಫಿಲ್ಟರ್ ಎಲ್ಲ ಬಗೆಯ ನೀರನ್ನೂ ಶುದ್ಧ ಮಾಡುತ್ತದೆ" ಎಂಬ ಮಾತನ್ನು ನಿಮ್ಮ ಕರಪತ್ರದಿಂದ ಇವತ್ತೇ ತೆಗೆದುಹಾಕಿ. ಅಂಥ ಫಿಲ್ಟರ್ ಇಲ್ಲ. ಕೆರೆ, ಹೊಳೆಗಳ ನೀರಿನ ಕಷ್ಟ ರೋಗಾಣು ಮತ್ತು ರಾಡಿ. ಕೊಳವೆಬಾವಿಯ ನೀರಿನ ಕಷ್ಟ ಫ್ಲೋರೈಡ್, ಆರ್ಸೆನಿಕ್, ಕಬ್ಬಿಣ, ಲವಣ. ಗೊಬ್ಬರ ಬಿದ್ದ ಹೊಲಗಳ ನಡುವಿನ ಬಾವಿಯಲ್ಲಿ ನೈಟ್ರೇಟ್. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಏನೂ ಮಾಡದು. ಯುವಿ (ಅತಿನೇರಳೆ ಕಿರಣದ) ದೀಪ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆರ್ಸೆನಿಕ್ಕನ್ನು ಮುಟ್ಟುವುದೂ ಇಲ್ಲ.

ಒಂದೇ ಮಾಲಿನ್ಯದೊಳಗೂ ಸೂಕ್ಷ್ಮಗಳಿವೆ. ಆರ್ಸೆನಿಕ್ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ಐದು ವೇಲೆನ್ಸಿಯ ರೂಪಕ್ಕೆ ವಿದ್ಯುದಾವೇಶವಿರುವುದರಿಂದ ಕಬ್ಬಿಣದ ಆಕ್ಸೈಡಿಗೆ ಸುಲಭವಾಗಿ ಅಂಟಿಕೊಳ್ಳುತ್ತದೆ. ಅಂತರ್ಜಲದಲ್ಲಿ ಹೆಚ್ಚಾಗಿ ಸಿಗುವ ಮೂರು ವೇಲೆನ್ಸಿಯ ರೂಪಕ್ಕೆ ಸಾಮಾನ್ಯ ಪಿಎಚ್‌ನಲ್ಲಿ ಆವೇಶವೇ ಇಲ್ಲದ್ದರಿಂದ ಜಾರಿಕೊಳ್ಳುತ್ತದೆ. ನೀರಿನಲ್ಲಿ ಫಾಸ್ಫೇಟ್, ಸಿಲಿಕೇಟ್ ಇದ್ದರೆ ಅವೂ ಅದೇ ಜಾಗಕ್ಕೆ ಪೈಪೋಟಿಗೆ ಬರುತ್ತವೆ. ಡಿಸ್ಟಿಲ್ಡ್ ನೀರಿಗೆ ಆರ್ಸೆನಿಕ್ ಬೆರೆಸಿ ಪರೀಕ್ಷಿಸಿದಾಗ ವರ್ಷ ಬಾಳಿದ ಮಾಧ್ಯಮ, ಅಂದರೆ ಫಿಲ್ಟರಿನೊಳಗೆ ಮಾಲಿನ್ಯ ಹೀರುವ ಪದಾರ್ಥ, ಊರಿನ ನೀರಿನಲ್ಲಿ ಕೆಲವೇ ತಿಂಗಳಿಗೆ ಕೈಕೊಡುವುದು ಹೀಗೆ. ಫ್ಲೋರೈಡ್ ಹೀರುವ ಆಕ್ಟಿವೇಟೆಡ್ ಅಲ್ಯುಮಿನಾದ್ದೂ ಇದೇ ಪಾಡು: ಪಿಎಚ್ 5.5ರಿಂದ 6ರ ನಡುವೆ ಅದರ ಶಕ್ತಿ ಹೆಚ್ಚು, ಆದರೆ ಫ್ಲೋರೈಡ್ ಇರುವ ಅಂತರ್ಜಲ ಸಾಮಾನ್ಯವಾಗಿ ಕ್ಷಾರದ ಕಡೆಗೆ ವಾಲಿರುತ್ತದೆ. ಆರ್‌ಓ ಎಂಬ, ಲವಣವನ್ನೂ ತಡೆಯುವ ಸೂಕ್ಷ್ಮ ಪೊರೆಗೆ ಗಡಸು ನೀರು ಮತ್ತು ಸಿಲಿಕಾ ಶತ್ರು. ಯುವಿಗೆ ರಾಡಿ ಮತ್ತು ಕಬ್ಬಿಣ ಶತ್ರು.

ಆದ್ದರಿಂದ ಗುರಿಯಿಟ್ಟ ಪ್ರದೇಶದಲ್ಲಿ ಕನಿಷ್ಠ ಮೂವತ್ತು ನಲವತ್ತು ಜಲಮೂಲಗಳಿಂದ ಮಾದರಿ ತೆಗೆಯಿರಿ. ಒಮ್ಮೆ ಬೇಸಿಗೆಯ ಕೊನೆಯಲ್ಲಿ, ಇನ್ನೊಮ್ಮೆ ಮಳೆ ಹಿಡಿದ ಮೇಲೆ. ಬೇಸಿಗೆಯಲ್ಲಿ ಲವಣ ಗಟ್ಟಿಯಾಗುತ್ತದೆ, ಮಳೆಯಲ್ಲಿ ರಾಡಿ ಮತ್ತು ರೋಗಾಣು ಏರುತ್ತವೆ. ನಿಮ್ಮ ಯಂತ್ರವನ್ನು ಇವುಗಳ ಸರಾಸರಿಗೆ ವಿನ್ಯಾಸ ಮಾಡಬೇಡಿ. ವರ್ಷದ ಅತಿ ಕೆಟ್ಟ ವಾರದ ನೀರಿಗೆ ಮಾಡಿ. ಮಕ್ಕಳಿಗೆ ಭೇದಿ ಹತ್ತುವುದು ಆ ವಾರದಲ್ಲೇ.

ಹೋಲಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮೌಲ್ಯಗಳನ್ನು ಹಿಡಿಯಿರಿ: ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ, ಫ್ಲೋರೈಡ್ 1.5 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ. ನೀರಿಗೆ ಮಲ ಸೇರಿದ್ದನ್ನು ತೋರಿಸುವ ಇ. ಕೋಲಿ ಬ್ಯಾಕ್ಟೀರಿಯಾ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಕೂಡದು. ಇವು ಕಾನೂನಲ್ಲ. ಪ್ರತಿ ದೇಶ ತನ್ನದೇ ಮಿತಿ ಗೊತ್ತುಮಾಡಿಕೊಂಡಿರುತ್ತದೆ, ಅದನ್ನು ಬೇರೆಯಾಗಿ ನೋಡಬೇಕು.

ಹೆಜ್ಜೆ 2: ಕುಡಿಯುವವರು ಯಾರು, ದುಡ್ಡು ಕೊಡುವವರು ಯಾರು

ನೀರಿನ ವ್ಯಾಪಾರದಲ್ಲಿ ಈ ಇಬ್ಬರೂ ಒಬ್ಬರೇ ಆಗಿರುವುದು ಅಪರೂಪ. ಶಾಲೆಯಲ್ಲಿ ಕುಡಿಯುವುದು ಮಕ್ಕಳು, ಸಹಿ ಹಾಕುವುದು ಇಲಾಖೆ. ಮನೆಯಲ್ಲಿ ನೀರು ತುಂಬಿಸಿ ಸೋಸುವವರು ಒಬ್ಬರು, ಹಣ ಬಿಚ್ಚುವವರು ಇನ್ನೊಬ್ಬರು. ನೆರೆ ಪರಿಹಾರದಲ್ಲಿ ಕೊಳ್ಳುವುದು ಯುನಿಸೆಫ್‌ನಂಥ ಸಂಸ್ಥೆ, ಬಳಸುವುದು ಮನೆ ಕಳೆದುಕೊಂಡವರು. ಈ ಇಬ್ಬರಿಗೂ ಬೇಕಾದದ್ದು ಬೇರೆ ಬೇರೆ. ಇಲಾಖೆಗೆ ಪ್ರಮಾಣಪತ್ರ ಮತ್ತು ಕಡಿಮೆ ದರ. ಮನೆಯಾಕೆಗೆ ಬೇಗ ತುಂಬುವ ಪಾತ್ರೆ, ರುಚಿ ಕೆಡದ ನೀರು, ತಿಕ್ಕಿ ತೊಳೆಯುವ ರಗಳೆಯಿಲ್ಲದ ನಲ್ಲಿ.

ಹೊಸಬರಿಗೆ ನನ್ನ ಸಲಹೆ: ಮನೆಗಳಿಂದ ಆರಂಭಿಸಬೇಡಿ. ಆಸ್ಪತ್ರೆ, ಹಾಸ್ಟೆಲ್, ಕಾರ್ಖಾನೆ, ಹೋಟೆಲುಗಳಂಥ ಸಂಸ್ಥೆಗಳಿಂದ ಆರಂಭಿಸಿ. ಅಲ್ಲಿ ನಿರ್ವಹಣೆಗೆ ಒಬ್ಬ ಆಳಿರುತ್ತಾನೆ, ತಿಂಗಳ ಬಿಲ್ ಕಟ್ಟುವ ರೂಢಿಯಿರುತ್ತದೆ, ಒಂದೇ ಕಡೆ ನೂರಾರು ಜನ ಕುಡಿಯುವುದರಿಂದ ದೋಷಗಳು ಬೇಗ ಬೆಳಕಿಗೆ ಬರುತ್ತವೆ. ಮನೆಗಳ ಮಾರುಕಟ್ಟೆ ದೊಡ್ಡದು ನಿಜ, ಆದರೆ ಅಲ್ಲಿ ತಪ್ಪು ಮಾಡಿ ಕಲಿಯುವ ಖರ್ಚು ಕೂಡ ದೊಡ್ಡದು.

ಅಶೋಕ್ ಗಾಡ್ಗೀಳ್ ಅವರ ಕೆಲಸವನ್ನು ಇಲ್ಲಿ ನೆನೆಯಲೇಬೇಕು. 1993ರ ಹೊತ್ತಿಗೆ ಭಾರತ ಮತ್ತು ಸುತ್ತಲಿನ ದೇಶಗಳಲ್ಲಿ ಹೊಸ ತಳಿಯ ಕಾಲರಾ ಹರಡಿದಾಗ, ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿದ್ದ ಅವರು ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಯುವಿ ಉಪಕರಣವೊಂದನ್ನು ರೂಪಿಸಿದರು. ದೀಪವನ್ನು ನೀರಿನಲ್ಲಿ ಮುಳುಗಿಸುವ ವಾಡಿಕೆಯನ್ನು ಬಿಟ್ಟು, ಹರಿಯುವ ನೀರಿನ ಮೇಲೆ ತೂಗಿಸಿದರು. ನೀರು ತಾನಾಗಿ ಇಳಿಜಾರಿನಲ್ಲಿ ಹರಿಯುತ್ತದೆ, ದೀಪದ ಗಾಜಿಗೆ ಪಾಚಿಯಾಗಲಿ ಸುಣ್ಣವಾಗಲಿ ಕಟ್ಟುವುದಿಲ್ಲ. ಸರ್ವಿಸ್ ಮಾಡುವವರು ಸಿಗದ ಊರಿಗೆ ಹೇಳಿಮಾಡಿಸಿದ ಉಪಾಯ. ಅದರ ಲೈಸೆನ್ಸ್ ಪಡೆದ ವಾಟರ್‌ಹೆಲ್ತ್ ಇಂಟರ್‌ನ್ಯಾಷನಲ್ ಕಾಲಕ್ರಮದಲ್ಲಿ ಯಂತ್ರ ಮಾರುವುದರಿಂದ ಊರಿಗೊಂದು ಘಟಕ ಕಟ್ಟಿ ನೀರು ಮಾರುವ ಕಡೆಗೆ ಹೊರಳಿತು. ಯಂತ್ರ ಮಾರಿದರೆ ಅದು ಕೆಟ್ಟು ನಿಂತಾಗ ಊರಿನವರ ತಲೆನೋವು. ನೀರು ಮಾರಿದರೆ ಯಂತ್ರ ಓಡಲೇಬೇಕಾದ ಜರೂರು ಕಂಪನಿಯದು. ನಿಮ್ಮ ತಂತ್ರಜ್ಞಾನಕ್ಕೆ ದಿನವೂ ನುರಿತ ಕೈ ಬೇಕೆಂದಾದರೆ ಈ ಎರಡನೇ ದಾರಿಯೇ ಸರಿ.

ಹೆಜ್ಜೆ 3: ಪೇಟೆಂಟ್, ಲೈಸೆನ್ಸ್

ಇದನ್ನು ಬೇಗ ಮುಗಿಸೋಣ, ಆದರೆ ಕ್ರಮ ತಪ್ಪಬಾರದು. ಸಂಶೋಧನಾ ಲೇಖನ ಅಚ್ಚಾಗುವ ಮುನ್ನ, ಸಮ್ಮೇಳನದಲ್ಲಿ ಪೋಸ್ಟರ್ ತೂಗುವ ಮುನ್ನ ಅರ್ಜಿ ಹಾಕಿ. ಅನೇಕ ದೇಶಗಳಲ್ಲಿ, ನೀವೇ ಬಹಿರಂಗಪಡಿಸಿದ ವಿಚಾರವೂ ಹೊಸತನ ಕಳೆದುಕೊಳ್ಳುತ್ತದೆ. ಮೊದಲ ಅರ್ಜಿಯಿಂದ 12 ತಿಂಗಳೊಳಗೆ ಪಿಸಿಟಿ (ಒಂದೇ ಅರ್ಜಿಯಿಂದ ಅನೇಕ ದೇಶಗಳಲ್ಲಿ ಪೇಟೆಂಟ್ ಕೋರಲು ದಾರಿ ಮಾಡುವ ಅಂತರರಾಷ್ಟ್ರೀಯ ಒಪ್ಪಂದ) ಅರ್ಜಿ ಹಾಕಿದರೆ, ಯಾವ ಯಾವ ದೇಶಕ್ಕೆ ಹೋಗುವುದೆಂದು ತೀರ್ಮಾನಿಸಲು ಮೊದಲ ದಿನದಿಂದ ಸಾಮಾನ್ಯವಾಗಿ 30 ತಿಂಗಳು ಸಿಗುತ್ತದೆ. ಭಾರತದಂಥ ಕೆಲವು ಕಡೆ 31. ಆ ಸಮಯವನ್ನು ಪೈಲಟ್, ಅಂದರೆ ಸಣ್ಣ ಪ್ರಮಾಣದ ಪ್ರಾಯೋಗಿಕ ಬಳಕೆ, ನಡೆಸಲು ಬಳಸಿಕೊಳ್ಳಿ. ಎಲ್ಲ ದೇಶಕ್ಕೂ ಪೇಟೆಂಟ್ ಮಾಡಿಸುವುದು ದುಡ್ಡು ನೀರಿಗೆ ಹಾಕಿದಂತೆ. ನೀವು ತಯಾರಿಸುವ ದೇಶ, ದೊಡ್ಡ ಮಾರುಕಟ್ಟೆಯ ದೇಶ, ನಕಲು ತಯಾರಾಗುವ ಸಂಭವವಿರುವ ದೇಶ, ಇಷ್ಟು ಸಾಕು. ಮಾಧ್ಯಮವನ್ನು ಸುಡುವ ಉಷ್ಣತೆ, ಹದ, ಬೆರಕೆಯ ಕ್ರಮದಂಥ ಕಾರ್ಖಾನೆಯ ಗುಟ್ಟುಗಳನ್ನು ಪೇಟೆಂಟಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬಿಚ್ಚಿಡಬೇಡಿ.

ತಂತ್ರಜ್ಞಾನ ವಿಶ್ವವಿದ್ಯಾಲಯದ್ದಾದರೆ, ರಾಯಧನವನ್ನು ಹೂಡಿಕೆ ಬಂದ ದಿನದಿಂದಲ್ಲ, ಮಾರಾಟ ಶುರುವಾದ ದಿನದಿಂದ ಕೊಡುವಂತೆ ಕರಾರು ಮಾಡಿಕೊಳ್ಳಿ. ಕನಿಷ್ಠ ರಾಯಧನದ ಷರತ್ತು ಎಳೆಯ ಕಂಪನಿಯ ಕತ್ತು ಹಿಸುಕಬಲ್ಲದು.

ಹೆಜ್ಜೆ 4: ಪರೀಕ್ಷೆ ಮತ್ತು ಪ್ರಮಾಣಪತ್ರ

"99% ರೋಗಾಣು ನಾಶ" ಎಂಬ ಸಾಲು ಕೇಳಲು ಚೆನ್ನ. ಲೆಕ್ಕ ಹಾಕಿ ನೋಡಿ: ಒಂದು ಲಕ್ಷ ಬ್ಯಾಕ್ಟೀರಿಯಾ ಇರುವ ನೀರಿನಲ್ಲಿ 99% ಹೋದರೆ ಇನ್ನೂ ಒಂದು ಸಾವಿರ ಉಳಿದಿರುತ್ತವೆ. 99.99% ಹೋದರೆ ಹತ್ತು. ಈ ಕ್ಷೇತ್ರದವರು ಒಂಬತ್ತುಗಳನ್ನು ಎಣಿಸುತ್ತಾರೆ. ಎರಡು ಒಂಬತ್ತಾದರೆ 2 ಲಾಗ್, ನಾಲ್ಕಾದರೆ 4 ಲಾಗ್.

ಮನೆಬಳಕೆಯ ಉಪಕರಣಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಅಂತರರಾಷ್ಟ್ರೀಯ ಮೌಲ್ಯಮಾಪನ ಯೋಜನೆ ಆರಂಭಿಸಿತು. ಬ್ಯಾಕ್ಟೀರಿಯಾ 4 ಲಾಗ್, ವೈರಸ್ 5 ಲಾಗ್, ಪ್ರೋಟೊಜೋವಾ 4 ಲಾಗ್ ಇಳಿಸಿದರೆ ಮೂರು ನಕ್ಷತ್ರ. ಕ್ರಮವಾಗಿ 2, 3, 2 ಲಾಗ್ ಆದರೆ ಎರಡು ನಕ್ಷತ್ರ. ಈ ಮೂರರಲ್ಲಿ ಎರಡು ಗುಂಪಿನ ಮೇಲೆ ಮಾತ್ರ ಎರಡು ನಕ್ಷತ್ರದ ಮಟ್ಟ ಮುಟ್ಟಿದರೆ ಒಂದು ನಕ್ಷತ್ರ. ವೈರಸ್ ಅತಿ ಸಣ್ಣದಾದ್ದರಿಂದ ಸೆರಾಮಿಕ್ ಕ್ಯಾಂಡಲ್, ಮರಳು ಫಿಲ್ಟರ್ ಇಲ್ಲಿ ಎಡವುತ್ತವೆ. ಕ್ಲೋರಿನ್ನಿಗೆ ವೈರಸ್ ಸುಲಭದ ತುತ್ತು, ಕ್ರಿಪ್ಟೊಸ್ಪೊರಿಡಿಯಂ ಎಂಬ ಪ್ರೋಟೊಜೋವಾ ಕಬ್ಬಿಣದ ಕಡಲೆ. ನಿಮ್ಮದು ಎಲ್ಲಿ ದುರ್ಬಲವೆಂದು ಮೊದಲೇ ತಿಳಿದು ಅದನ್ನು ಇನ್ನೊಂದು ಹಂತದಿಂದ ತುಂಬಿ. ಪರಿಹಾರ ಸಂಸ್ಥೆಗಳಿಗೆ, ಸರ್ಕಾರಗಳಿಗೆ ಮಾರುವ ಆಲೋಚನೆಯಿದ್ದರೆ ಇಂಥ ಸ್ವತಂತ್ರ ಪರೀಕ್ಷೆಯ ಫಲಿತಾಂಶ ಕೈಯಲ್ಲಿರಲೇಬೇಕು.

ಮುಖ್ಯವಾದ ಮಾತೊಂದಿದೆ. ಹೊಸ ಕಾರ್ಟ್ರಿಡ್ಜನ್ನು ಪರೀಕ್ಷಿಸಿದರೆ ಏನೂ ತಿಳಿಯದು. 3,000 ಲೀಟರ್ ಬಾಳುತ್ತದೆಂದು ಹೇಳುವಿರಾದರೆ 2,900ನೇ ಲೀಟರನ್ನು ಪರೀಕ್ಷೆಗೆ ಕೊಡಿ, ಅದೂ ರಾಡಿ ನೀರು ಹಾಯಿಸಿದ ಮೇಲೆ. ಬೆಳ್ಳಿ, ಅಲ್ಯುಮಿನಿಯಂ, ಪ್ಲಾಸ್ಟಿಕ್ಕಿನ ಅಂಶ ನೀರಿಗೆ ಇಳಿಯುತ್ತಿದೆಯೇ ಎಂದೂ ನೋಡಿಸಿ. ಕುಡಿಯುವ ನೀರಿಗೆ ತಾಗುವ ವಸ್ತುಗಳಿಗೆ ಎನ್‌ಎಸ್‌ಎಫ್ 61 ಎಂಬ ಮಾನದಂಡವಿದೆ.

ದೇಶದ ನಿಯಮ ಬೇರೆ ಕತೆ. ಗುಣಮಟ್ಟ ಗೊತ್ತುಮಾಡುವ ಸಂಸ್ಥೆ ಭಾರತದಲ್ಲಿ ಬಿಐಎಸ್, ಕೀನ್ಯಾದಲ್ಲಿ ಕೆಇಬಿಎಸ್, ಬಾಂಗ್ಲಾದೇಶದಲ್ಲಿ ಬಿಎಸ್‌ಟಿಐ. ಕೀನ್ಯಾ, ನೈಜೀರಿಯಾಗಳಲ್ಲಿ ಸರಕು ಹಡಗು ಹತ್ತುವ ಮುಂಚೆಯೇ ಗುಣಮಟ್ಟದ ತಪಾಸಣೆ ಪತ್ರ ಕೇಳುವ ವ್ಯವಸ್ಥೆಯಿದೆ. ಅದಿಲ್ಲದೆ ಕಂಟೇನರ್ ಬಂದರಿನಲ್ಲಿ ನಿಂತರೆ ದಿನದಿನದ ಬಾಡಿಗೆ ನಿಮ್ಮ ಲಾಭವನ್ನೆಲ್ಲ ನುಂಗುತ್ತದೆ. ಆಮದು ಮಾಡುವ ಮೊದಲು ಅಲ್ಲಿನ ಕ್ಲಿಯರಿಂಗ್ ಏಜೆಂಟ್ ಒಬ್ಬರ ಜೊತೆ ಅರ್ಧ ದಿನ ಕೂತು ಮಾತಾಡಿ. ಯಾವ ಸಲಹಾ ಸಂಸ್ಥೆಯ ವರದಿಗಿಂತ ಅದು ಹೆಚ್ಚು ಕಲಿಸುತ್ತದೆ.

ಹೆಜ್ಜೆ 5: ಲೆಕ್ಕ

ಇಲ್ಲಿ ನಿಧಾನವಾಗಿ ನಡೆಯೋಣ. ಒಳ್ಳೊಳ್ಳೆಯ ತಂತ್ರಜ್ಞಾನಗಳು ಮಣ್ಣುಪಾಲಾಗುವುದು ಇಲ್ಲೇ.

ಒಂದು ಉಪಕರಣದ ತಯಾರಿಕಾ ವೆಚ್ಚ 100 ಎಂದಿಟ್ಟುಕೊಳ್ಳಿ. ಸಾಗಣೆ, ವಿಮೆ, ಬಂದರು ಸೇರಿ 15. ಫಿಲ್ಟರ್ ಎಂದರೆ ಹೆಚ್ಚಿನ ಪಾಲು ಖಾಲಿ ಡಬ್ಬ. ಹಡಗಿನಲ್ಲಿ ಗಾಳಿಗೂ ಬಾಡಿಗೆ ಕೊಡುತ್ತಿರುತ್ತೀರಿ. ಸುಂಕ ತೆರಿಗೆ 25. ಆಯಿತು 140. ಆಮದುದಾರನ ಮಾರ್ಜಿನ್ ನೂರಕ್ಕೆ 20 ಸೇರಿ 168, ಅಂಗಡಿಯವನ 20 ಸೇರಿ 200 ದಾಟಿತು. ವಾರಂಟಿಯಲ್ಲಿ ಬದಲಿಸಿಕೊಡುವುದು, ಮನೆಮನೆಗೆ ಹೋಗಿ ತೋರಿಸುವ ಹುಡುಗರ ಸಂಬಳ ಇನ್ನೂ ಬಂದಿಲ್ಲ. ಇವು ನಾನು ಉದಾಹರಣೆಗೆ ಇಟ್ಟುಕೊಂಡ ಅಂಕಿಗಳು, ನಿಮ್ಮವು ಬೇರೆಯಾಗುತ್ತವೆ. ಆದರೆ ಪ್ರಯೋಗಾಲಯದಲ್ಲಿ ಹೇಳಿಕೊಂಡ ವೆಚ್ಚ ಮನೆಯ ಬಾಗಿಲಿಗೆ ಬರುವಾಗ ಎರಡು ಎರಡೂವರೆ ಪಟ್ಟಾಗುವುದನ್ನು ಮೊದಲೇ ಒಪ್ಪಿಕೊಂಡು ಹಿಂದಿನಿಂದ ಲೆಕ್ಕ ಹಾಕಿ: ಮನೆಯವರು ಇಷ್ಟು ಕೊಡಬಲ್ಲರು, ಹಾಗಾದರೆ ಕಾರ್ಖಾನೆಯಲ್ಲಿ ಇದು ಎಷ್ಟಕ್ಕೆ ತಯಾರಾಗಬೇಕು?

ಇನ್ನು ಕಾರ್ಟ್ರಿಡ್ಜ್. ಐದು ಜನರ ಮನೆಯಲ್ಲಿ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಬೇಕೆಂದರೆ 3,000 ಲೀಟರಿನ ಕಾರ್ಟ್ರಿಡ್ಜ್ 150 ದಿನಕ್ಕೆ ಮುಗಿಯುತ್ತದೆ. ಐದು ತಿಂಗಳಿಗೊಮ್ಮೆ ಆ ಮನೆ ಮತ್ತೆ ತೀರ್ಮಾನಿಸಬೇಕು. ಪ್ರತಿ ಸಲ ನೂರರಲ್ಲಿ 60 ಮನೆ ಮಾತ್ರ ಬದಲಿಸುತ್ತವೆಂದು ಭಾವಿಸಿ. ಮೊದಲ ಬದಲಾವಣೆಗೆ 60 ಮನೆ, ಎರಡನೆಯದಕ್ಕೆ 36, ಮೂರನೆಯದಕ್ಕೆ 22. ಹದಿನೈದು ತಿಂಗಳಲ್ಲಿ ಐದರಲ್ಲಿ ನಾಲ್ಕರಷ್ಟು ಗಿರಾಕಿಗಳು ಜಾರಿಹೋದರು. ನೂರಕ್ಕೆ 90 ಬದಲಿಸಿದರೆ ಅದೇ ಹದಿನೈದು ತಿಂಗಳ ನಂತರವೂ 73 ಮನೆಗಳು ಉಳಿದಿರುತ್ತವೆ. ಹೂಡಿಕೆದಾರರಿಗೆ ತೋರಿಸುವ ಹಾಳೆಯಲ್ಲಿ ಮಾರಿದ ಫಿಲ್ಟರುಗಳ ಸಂಖ್ಯೆಗಿಂತ ಮೇಲೆ ಈ ಒಂದು ಪ್ರಮಾಣವನ್ನು ಬರೆಯಿರಿ.

ಅವಧಿ ಮುಗಿದ ಕಾರ್ಟ್ರಿಡ್ಜಿನಲ್ಲೇ ನೀರು ಹಿಡಿಯುತ್ತಿರುವ ಮನೆ ಇನ್ನೂ ಅಪಾಯಕಾರಿ. ತಾವು ಶುದ್ಧ ನೀರು ಕುಡಿಯುತ್ತಿದ್ದೇವೆಂಬ ನಂಬಿಕೆ ಅವರದು. ಭಾರತದಲ್ಲಿ 2009ರ ಡಿಸೆಂಬರಿನಲ್ಲಿ ಬಂದ ಟಾಟಾ ಸ್ವಚ್, ಭತ್ತದ ಹೊಟ್ಟಿನ ಬೂದಿ ಮತ್ತು ನ್ಯಾನೋ ಬೆಳ್ಳಿ ಬಳಸಿ, ಕರೆಂಟು ನಲ್ಲಿ ಎರಡೂ ಬೇಡದೆ ನಡೆಯುತ್ತಿತ್ತು. 3,000 ಲೀಟರ್ ಆಗುತ್ತಲೇ ನೀರು ಇಳಿಯುವುದೇ ನಿಲ್ಲುವಂತೆ ಅದನ್ನು ರೂಪಿಸಿದ್ದರು. ಅದಕ್ಕೂ ಮೊದಲು 2004ರಲ್ಲಿ ಚೆನ್ನೈಯಿಂದ ಆರಂಭವಾದ ಹಿಂದೂಸ್ತಾನ್ ಯೂನಿಲಿವರಿನ ಪ್ಯೂರ್‌ಇಟ್‌ನಲ್ಲೂ ತಾನಾಗಿ ನೀರು ನಿಲ್ಲಿಸುವ ವ್ಯವಸ್ಥೆಯಿತ್ತು. ಗಿರಾಕಿಗೆ ಇದು ಕಿರಿಕಿರಿ, ನಿಜ. ಆದರೂ ಹಾಗೆಯೇ ಮಾಡಿ. ಕೆಟ್ಟಾಗ ಕೆಟ್ಟಿದ್ದೇನೆಂದು ಹೇಳುವ ಯಂತ್ರವನ್ನು ಮಾತ್ರ ಬೇರೆಯವರ ಮಗುವಿಗೆ ಕೊಡಬಹುದು. ದೊಡ್ಡ ಕಂಪನಿಗಳಿಗೂ ಈ ಹಾದಿ ಹೂವಿನ ಹಾಸಿಗೆಯಲ್ಲ. ಯೂನಿಲಿವರ್ 2024ರಲ್ಲಿ ಪ್ಯೂರ್‌ಇಟ್ ವ್ಯಾಪಾರವನ್ನು ಎ. ಓ. ಸ್ಮಿತ್ ಕಂಪನಿಗೆ ಮಾರಿತು.

ಹೆಜ್ಜೆ 6: ಪೈಲಟ್

ನೂರು ನೂರೈವತ್ತು ಮನೆ, ಅಥವಾ ಮೂರು ನಾಲ್ಕು ಸಮುದಾಯ ಘಟಕ. ಕನಿಷ್ಠ ಒಂದು ವರ್ಷ. ಮಳೆಗಾಲ, ಬೇಸಿಗೆ ಎರಡೂ ದಾಟಬೇಕು, ಎರಡನೇ ಕಾರ್ಟ್ರಿಡ್ಜ್ ಕೊಳ್ಳುವ ದಿನವೂ ದಾಟಬೇಕು. ಮೂರು ತಿಂಗಳ ಪೈಲಟ್ ನಡೆಸಿ ಫೋಟೋ ತೆಗೆದುಕೊಂಡು ಬರುವವರು ಹೊಸ ಕಾರ್ಟ್ರಿಡ್ಜಿನ ಸಾಮರ್ಥ್ಯವನ್ನಷ್ಟೇ ಅಳೆದಿರುತ್ತಾರೆ.

ಕೇಳಿ ತಿಳಿಯುವುದನ್ನು ನಂಬಬೇಡಿ. "ಫಿಲ್ಟರ್ ಬಳಸ್ತೀರಾ?" ಎಂದರೆ "ದಿನಾ ಬಳಸ್ತೀವಿ" ಎನ್ನುವುದು ಮನೆಗೆ ಬಂದವರ ಮನಸ್ಸು ನೋಯಿಸಬಾರದೆಂಬ ಸೌಜನ್ಯ. ಮುಂಚೆ ತಿಳಿಸದೆ ಹೋಗಿ, "ಕುಡಿಯಲು ಒಂದು ಲೋಟ ನೀರು ಕೊಡಿ" ಎನ್ನಿ. ಅವರು ಎದ್ದುಹೋಗಿ ಯಾವ ಪಾತ್ರೆಯಿಂದ ಬಗ್ಗಿಸುತ್ತಾರೆಂದು ನೋಡಿ. ಆ ಲೋಟದ ನೀರನ್ನೇ ಇ. ಕೋಲಿ ಪರೀಕ್ಷೆಗೆ ಒಯ್ಯಿರಿ. ಫಿಲ್ಟರಿನ ನಲ್ಲಿಯಲ್ಲಿ ಶುದ್ಧವಾಗಿದ್ದ ನೀರು ಬಾಯಗಲದ ಕೊಡಕ್ಕೆ ಬಿದ್ದು, ಕೈ ಅದ್ದಿದ ಚೊಂಬಿನಿಂದ ಮತ್ತೆ ಕೆಡುವುದು ಬಹಳ ಕಡೆ ಕಾಣಸಿಗುವ ಸಂಗತಿ. ಹಾಗಾದಲ್ಲಿ ನಿಮ್ಮ ಉತ್ಪನ್ನಕ್ಕೆ ಮುಚ್ಚಳ ಮತ್ತು ನಲ್ಲಿಯಿರುವ ಸಂಗ್ರಹ ಪಾತ್ರೆಯೂ ಸೇರಬೇಕು. ಕ್ಲೋರಿನ್ ಆಧಾರಿತ ವಿಧಾನವಾದರೆ ಲೋಟದಲ್ಲಿ ಉಳಿದ ಕ್ಲೋರಿನ್ ಅಳೆದರೆ ಸಾಕು, ಬಳಸಿದರೋ ಇಲ್ಲವೋ ಅದೇ ಹೇಳುತ್ತದೆ.

ಕೆಟ್ಟದ್ದರ ದಾಖಲೆಯನ್ನು ಮಾರಾಟದ ದಾಖಲೆಗಿಂತ ಶಿಸ್ತಾಗಿ ಇಡಿ: ಏನು ಮುರಿಯಿತು, ಎಷ್ಟನೇ ದಿನ, ಯಾರು ಗಮನಿಸಿದರು, ಸರಿಹೋಗಲು ಎಷ್ಟು ದಿನ ಹಿಡಿಯಿತು. ನನ್ನ ಅಂದಾಜಿನಲ್ಲಿ ಮೊದಲು ಕೈಕೊಡುವುದು ನೀವು ವರ್ಷಗಟ್ಟಲೆ ದುಡಿದ ಮಾಧ್ಯಮವಲ್ಲ. ನಲ್ಲಿಯ ವಾಷರ್, ಮುಚ್ಚಳದ ಹಿಡಿ, ಪಂಪಿನ ಫ್ಯೂಸ್.

ನಿಲ್ಲಿಸುವ ಗೆರೆಯನ್ನೂ ಪೈಲಟ್ ಶುರುವಾಗುವ ಮುನ್ನವೇ ಬರೆದಿಡಿ. ಎರಡನೇ ಬಾರಿ ಸ್ವಂತ ದುಡ್ಡಿನಲ್ಲಿ ಕೊಂಡವರು ಇಷ್ಟಕ್ಕಿಂತ ಕಡಿಮೆಯಾದರೆ ವಿಸ್ತರಿಸುವುದಿಲ್ಲ, ವಿನ್ಯಾಸಕ್ಕೆ ಮರಳುತ್ತೇವೆ ಎಂದು. ಆಮೇಲೆ ಬರೆಯಲು ಕೂತರೆ ಮನಸ್ಸು ನೆಪ ಹುಡುಕುತ್ತದೆ.

ಹೆಜ್ಜೆ 7: ಬೆಲೆ ಇಡುವುದೋ, ಪುಕ್ಕಟೆ ಕೊಡುವುದೋ

"ದುಡ್ಡು ಕೊಟ್ಟರೆ ಮಾತ್ರ ಜನ ಬೆಲೆ ಕೊಡುತ್ತಾರೆ" ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಕ್ಲೋರಿನ್ ವಿಷಯದಲ್ಲಿ ನಡೆದ ಕ್ಷೇತ್ರ ಪ್ರಯೋಗಗಳು ಅದನ್ನು ಎತ್ತಿಹಿಡಿಯುವುದಿಲ್ಲ. ಜಾಂಬಿಯಾದಲ್ಲಿ ಮನೆಬಾಗಿಲಲ್ಲಿ ಕ್ಲೋರಿನ್ ಮಾರಿ ನೋಡಿದ ಪ್ರಯೋಗದಲ್ಲಿ, ಹಣ ತೆತ್ತದ್ದಕ್ಕಾಗಿಯೇ ಹೆಚ್ಚು ಬಳಸುತ್ತಾರೆಂಬುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು ಪಶ್ಚಿಮ ಕೀನ್ಯಾದಲ್ಲಿ ಜಲಮೂಲದ ಪಕ್ಕದಲ್ಲೇ ಕ್ಲೋರಿನ್ ಪೆಟ್ಟಿಗೆ ನಿಲ್ಲಿಸಿ, ಹಿಡಿ ತಿರುಗಿಸಿದರೆ ಒಂದು ಕ್ಯಾನಿಗೆ ಬೇಕಾದಷ್ಟು ಬೀಳುವಂತೆ ಮಾಡಿ, ಪುಕ್ಕಟೆಯಾಗಿ ಕೊಟ್ಟರು. ಪ್ರಯೋಗದ ಹಳ್ಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳ ನೀರಿನಲ್ಲಿ ಕ್ಲೋರಿನ್ ಸಿಕ್ಕಿತು. ಅದೇ ವಸ್ತುವನ್ನು ಅಂಗಡಿಯಲ್ಲಿ ಅಗ್ಗವಾಗಿ ಇಟ್ಟಾಗ ಕೊಂಡವರು ತೀರ ಕಡಿಮೆ.

ಇದರಿಂದ ವ್ಯಾಪಾರ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಕಾಣದ ಲಾಭಕ್ಕೆ, ಅಂದರೆ ಬರಬಹುದಾಗಿದ್ದ ಭೇದಿ ಬರಲಿಲ್ಲ ಎಂಬುದಕ್ಕೆ, ಬಡ ಮನೆ ಹಣ ತೆಗೆದಿಡುವುದು ಕಷ್ಟ. ಕಾಣುವ ಲಾಭಕ್ಕೆ ಕೊಡುತ್ತಾರೆ: ತಿಳಿಯಾದ ನೀರು, ಒಳ್ಳೆ ರುಚಿ, ಕುದಿಸುವ ಸೌದೆ ಮತ್ತು ಹೊತ್ತಿನ ಉಳಿತಾಯ, ನೆಂಟರ ಮುಂದೆ ಇಡಬಹುದಾದ ಅಂದದ ಪಾತ್ರೆ. ನಿಮ್ಮ ತಂತ್ರಜ್ಞಾನ ಇಂಥದ್ದೇನನ್ನೂ ಕೊಡದೆ ಬರೀ ಆರೋಗ್ಯವನ್ನು ಕೊಡುವುದಾದರೆ, ನಿಮ್ಮ ಗಿರಾಕಿ ಸರ್ಕಾರ ಅಥವಾ ದಾನಿ ಸಂಸ್ಥೆ ಎಂದು ಒಪ್ಪಿಕೊಂಡು ಅವರಿಗಾಗಿಯೇ ಉತ್ಪನ್ನ ಕಟ್ಟಿ. ಮನೆಗಳಿಗೇ ಮಾರುವಿರಾದರೆ ಯಂತ್ರದ ಬೆಲೆಯನ್ನು ಕಂತುಗಳಲ್ಲಿ ಹಂಚಿ, ಕಾರ್ಟ್ರಿಡ್ಜಿನ ಬೆಲೆಯನ್ನು ಒಂದು ಸಲಕ್ಕೆ ಜೇಬಿಗೆ ಭಾರವಾಗದಷ್ಟು ಚಿಕ್ಕದಾಗಿಡಿ. ಅದಕ್ಕಾಗಿ ಅದರ ಬಾಳಿಕೆಯನ್ನು ಕಡಿಮೆ ಮಾಡಬೇಕಾಗಿ ಬಂದರೂ ಸರಿ.

ಹೆಜ್ಜೆ 8: ತಯಾರಿಕೆ, ವಿತರಣೆ, ಸರ್ವಿಸ್

ಪ್ಲಾಸ್ಟಿಕ್ ಪಾತ್ರೆ, ಸ್ಟ್ಯಾಂಡ್, ನಲ್ಲಿ ಸ್ಥಳೀಯವಾಗಿ. ಶುದ್ಧೀಕರಣದ ಹೃದಯಭಾಗ ನಿಮ್ಮ ಹತೋಟಿಯಲ್ಲಿ. ಈ ಹಂಚಿಕೆ ಸಾಗಣೆ ವೆಚ್ಚವನ್ನೂ ಇಳಿಸುತ್ತದೆ, ಗುಣಮಟ್ಟವನ್ನೂ ಕಾಯುತ್ತದೆ. ಪ್ರತಿ ತುಂಡಿಗೂ ಮಾಡಬಹುದಾದ ಸರಳ ಪರೀಕ್ಷೆ ಒಂದಿರಲಿ. ಮಡಕೆಯಾಕಾರದ ಸೆರಾಮಿಕ್ ಫಿಲ್ಟರ್ ತಯಾರಕರು ಪ್ರತಿ ಮಡಕೆಯಲ್ಲೂ ನೀರು ತುಂಬಿಸಿ ಗಂಟೆಗೆ ಎಷ್ಟು ಲೀಟರ್ ಇಳಿಯುತ್ತದೆಂದು ನೋಡುತ್ತಾರೆ. ತೀರ ಬೇಗ ಇಳಿದರೆ ಎಲ್ಲೋ ಬಿರುಕಿದೆ, ಅದನ್ನು ಒಡೆದುಹಾಕುತ್ತಾರೆ. ಪೊರೆಗಳಿಗೆ ಗಾಳಿಯ ಒತ್ತಡ ಹಿಡಿದು ನೋಡುವ ಪರೀಕ್ಷೆಯಿದೆ.

ಡೀಲರ್ ಆರಿಸುವಾಗ ಅವರು ಎಷ್ಟು ಫಿಲ್ಟರ್ ಮಾರಬಲ್ಲರು ಎಂದು ಕೇಳುವ ಬದಲು, ಈಗ ಮಾರುತ್ತಿರುವ ಬೇರೆ ಸರಕಿಗೆ ಬಿಡಿಭಾಗ ಇಟ್ಟಿದ್ದಾರೆಯೇ ಎಂದು ಕಪಾಟು ತೆರೆದು ನೋಡಿ. ಕಾರ್ಟ್ರಿಡ್ಜಿನ ಮೇಲಿನ ಕಮಿಷನ್ ಯಂತ್ರದ ಮೇಲಿನದ್ದಕ್ಕಿಂತ ಹೆಚ್ಚಿರಲಿ. ಆಗ ಡೀಲರನೇ ಹಳೆ ಗಿರಾಕಿಯ ಮನೆ ಹುಡುಕಿಕೊಂಡು ಹೋಗುತ್ತಾನೆ. ಫೋನ್ ಸಂಖ್ಯೆ ದಾಖಲಿಸಿಕೊಂಡು ಅವಧಿ ಮುಗಿಯುವ ಎರಡು ವಾರ ಮುಂಚೆ ಸ್ಥಳೀಯ ಭಾಷೆಯಲ್ಲಿ ಕರೆ ಮಾಡಿಸಿ. ನಿಮ್ಮ ಕಾರ್ಟ್ರಿಡ್ಜಿಗೆ ಬೇಡಿಕೆ ಬಂದೊಡನೆ ನಕಲಿಯೂ ಬರುತ್ತದೆ. ಕೂರಿಸುವ ಜಾಗದ ಆಕಾರವನ್ನು ವಿಶಿಷ್ಟವಾಗಿಡುವುದು, ಮೇಲೊಂದು ಸಂಕೇತ ಅಚ್ಚೊತ್ತುವುದು ಸ್ವಲ್ಪ ಮಟ್ಟಿಗೆ ತಡೆ.

ಸಮುದಾಯ ಘಟಕವಾದರೆ ಆಪರೇಟರನ ಸಂಬಳ ನೀರಿನ ಮಾರಾಟದಿಂದಲೇ ಹುಟ್ಟಬೇಕು. ಭಾರತದಲ್ಲಿ 2008ರಲ್ಲಿ ಶುರುವಾದ ಸರ್ವಜಲ ಎಂಬ ಸಂಸ್ಥೆ ಸ್ಥಳೀಯರಿಗೆ ಫ್ರಾಂಚೈಸ್ ಕೊಟ್ಟು, ಯಂತ್ರಗಳನ್ನು ದೂರದಿಂದಲೇ ಗಮನಿಸುವ ಸಾಧನ ಅಳವಡಿಸಿ, ವಾಟರ್ ಎಟಿಎಂಗಳನ್ನೂ ನಡೆಸಿತು. ಯಂತ್ರ ನಿಂತ ಸುದ್ದಿ ಊರಿನಿಂದ ಬರುವ ಮೊದಲೇ ಕಚೇರಿಗೆ ತಿಳಿಯುವುದು ಸಣ್ಣ ಅನುಕೂಲವಲ್ಲ.

ಬಳಸಿ ಬಿಟ್ಟದ್ದರ ಗತಿಯೂ ನಿಮ್ಮ ಹೊಣೆ. ಆರ್ಸೆನಿಕ್ ಹೀರಿದ ಮಾಧ್ಯಮವನ್ನು ಹಿತ್ತಲಿಗೆ ಸುರಿದರೆ ವಿಷ ಮತ್ತೆ ಮಣ್ಣಿಗಿಳಿಯಬಹುದು. ಆರ್‌ಓ ಘಟಕ ಒಳಗೆ ಹೋದ ನೀರಿನ ದೊಡ್ಡ ಪಾಲನ್ನು ಉಪ್ಪಿನ ಸಮೇತ ಹೊರಗೆ ಬಿಡುತ್ತದೆ, ನೀರೇ ಅಪರೂಪವಾದ ಊರಿನಲ್ಲಿ ಇದು ಚಿಕ್ಕ ವಿಷಯವಲ್ಲ. ಹಳೇ ಕಾರ್ಟ್ರಿಡ್ಜ್ ಮರಳಿಸಿದರೆ ಹೊಸದಕ್ಕೆ ರಿಯಾಯಿತಿ ಕೊಡಿ. ತ್ಯಾಜ್ಯವೂ ಕೈಗೆ ಬರುತ್ತದೆ, ಎರಡನೇ ಮಾರಾಟವೂ ಆಗುತ್ತದೆ.

ಹೆಜ್ಜೆ 9: ಹಣ

ಸಂಶೋಧನೆ ಮತ್ತು ಪೈಲಟ್ಟಿಗೆ ಅನುದಾನ, ತಯಾರಿಕೆಗೆ ತಾಳ್ಮೆಯ ಹೂಡಿಕೆ, ದಾಸ್ತಾನಿಗೆ ಸಾಲ. ಈ ಮೂರನ್ನು ಅದಲುಬದಲು ಮಾಡಬೇಡಿ. ಅನುದಾನದಿಂದ ಬೆಲೆ ಇಳಿಸಿ ಮಾರಿದರೆ ಅನುದಾನ ಮುಗಿದ ದಿನ ಮಾರುಕಟ್ಟೆಯೂ ಮುಗಿಯುತ್ತದೆ. ಸರ್ಕಾರಿ ಟೆಂಡರಿನಲ್ಲಿ ಬಿಲ್ ಪಾಸಾಗಲು ತಿಂಗಳುಗಟ್ಟಲೆ ಹಿಡಿಯುವುದರಿಂದ, ಅಷ್ಟು ಕಾಲ ಸಂಬಳ ಕೊಡುವ ದುಡಿಯುವ ಬಂಡವಾಳ ಇಲ್ಲದಿದ್ದರೆ ದೊಡ್ಡ ಆರ್ಡರೇ ಕಂಪನಿಯನ್ನು ಮುಳುಗಿಸುತ್ತದೆ. ಬಿಡಿಭಾಗಕ್ಕೆ ಡಾಲರ್ ಕೊಟ್ಟು ಗಿರಾಕಿಯಿಂದ ಸ್ಥಳೀಯ ನಾಣ್ಯ ಪಡೆಯುವವರು ವಿನಿಮಯ ದರ ಕುಸಿದಾಗ ಏನು ಮಾಡುವೆವೆಂದು ಮೊದಲೇ ಬರೆದಿಟ್ಟಿರಬೇಕು.

ಕಾರ್ಬನ್ ಕ್ರೆಡಿಟ್, ಅಂದರೆ ತಪ್ಪಿಸಿದ ಇಂಗಾಲದ ಹೊಗೆಯ ಲೆಕ್ಕವನ್ನು ಮಾರುವ ದಾರಿಯೂ ಇದೆ. 2011ರಲ್ಲಿ ವೆಸ್ಟರ್‌ಗಾರ್ಡ್ ಕಂಪನಿ ಪಶ್ಚಿಮ ಕೀನ್ಯಾದ ಸುಮಾರು ಒಂಬತ್ತು ಲಕ್ಷ ಮನೆಗಳಿಗೆ ಲೈಫ್‌ಸ್ಟ್ರಾ ಫಿಲ್ಟರ್ ಪುಕ್ಕಟೆ ಹಂಚಿ, ನೀರು ಕುದಿಸುವ ಸೌದೆ ಉಳಿಯಿತೆಂಬ ಲೆಕ್ಕದಲ್ಲಿ ಕ್ರೆಡಿಟ್ ಮಾರಿ ಖರ್ಚು ಹುಟ್ಟಿಸಿಕೊಳ್ಳಲು ಹೊರಟಿತು. ಈ ಪದ್ಧತಿಯಲ್ಲಿ, ಮೊದಲು ನೀರನ್ನು ಕುದಿಸದೇ ಇದ್ದ ಮನೆಗಳನ್ನೂ ಅನುಕೂಲವಿದ್ದರೆ ಕುದಿಸುತ್ತಿದ್ದರೆಂದು ಲೆಕ್ಕಕ್ಕೆ ತೆಗೆದುಕೊಳ್ಳಲು ಅವಕಾಶವಿದೆ, ಅದರ ಬಗ್ಗೆ ಆಕ್ಷೇಪಗಳೂ ಇವೆ. ಕ್ರೆಡಿಟ್ ಹಣ ಬಂದರೆ ಸರ್ವಿಸ್ ಜಾಲ ಬಲಪಡಿಸಲು ಬಳಸಿ. ಅದು ಬಾರದಿದ್ದರೆ ಕಂಪನಿ ನಿಲ್ಲುತ್ತದೆ ಎಂಬಂತಾಗಬಾರದು.

ಹೆಜ್ಜೆ 10: ಎರಡನೇ ದೇಶಕ್ಕೆ ಹೋಗುವುದು, ಬೇಕಾದರೆ ಹೊರಬರುವುದು

ಒಂದು ಪ್ರದೇಶದಲ್ಲಿ ಕಾರ್ಟ್ರಿಡ್ಜ್ ಬದಲಾವಣೆಯ ಪ್ರಮಾಣ ಸತತ ಮೂರು ಸುತ್ತು ಸ್ಥಿರವಾಗಿ ನಿಂತಿದೆ, ನಿಮ್ಮ ಮೂಲ ತಂಡದವರು ಊರಲ್ಲಿಲ್ಲದೆಯೂ ದುರಸ್ತಿ ನಡೆಯುತ್ತಿದೆ ಎಂದಾದರೆ ಮುಂದಿನ ದೇಶ ನೋಡಬಹುದು. ಹತ್ತಿರದ ದೇಶ ಎಂದು ಆರಿಸಬೇಡಿ, ಅದೇ ಬಗೆಯ ನೀರಿರುವ ದೇಶ ಆರಿಸಿ. ಅಲ್ಲಿ ಮತ್ತೆ ಮೊದಲನೇ ಹೆಜ್ಜೆಯಿಂದ, ಮಾದರಿ ಬಾಟಲಿ ಹಿಡಿದು ಬಾವಿಯ ಕಟ್ಟೆಯಿಂದಲೇ ಆರಂಭ.

ಮೊದಲ ಡೀಲರಿನ ಜೊತೆ ಸಹಿ ಹಾಕುವ ದಿನವೇ ಹೊರಬರುವ ಷರತ್ತನ್ನೂ ಬರೆದುಬಿಡಿ. ಕಂಪನಿ ಆ ಮಾರುಕಟ್ಟೆ ಬಿಟ್ಟರೆ ಕನಿಷ್ಠ ಎರಡು ವರ್ಷಕ್ಕೆ ಸಾಲುವಷ್ಟು ಕಾರ್ಟ್ರಿಡ್ಜ್ ದಾಸ್ತಾನು ಅಲ್ಲೇ ಉಳಿಯಬೇಕು. ಅದರ ಅಳತೆಗಳ ನಕ್ಷೆ ಮತ್ತು ಮಾಧ್ಯಮದ ವಿವರ ಮುಚ್ಚಿದ ಲಕೋಟೆಯಲ್ಲಿ ಮೂರನೆಯವರ ಬಳಿ ಇರಬೇಕು, ಸ್ಥಳೀಯ ತಯಾರಕರು ಕೇಳಿದರೆ ತೆರೆದು ಕೊಡುವಂತಿರಬೇಕು. ನೀವು ಹೊರಟ ಮೇಲೂ ಆ ಮನೆಗಳಲ್ಲಿ ಐದು ತಿಂಗಳಿಗೊಮ್ಮೆ ನೀರು ಇಳಿಯುವುದು ನಿಲ್ಲುತ್ತದೆ. ಆಗ ಅವರು ಹೋಗುವ ಅಂಗಡಿಯ ಕಪಾಟಿನಲ್ಲಿ ಹೊಸ ಕಾರ್ಟ್ರಿಡ್ಜ್ ಇರಬೇಕು.